ಎಲ್‌ಎ-610 ಮಾರ್ಕ್ 2: ಟ್ಯೂಬ್ ನೋಡಿ ತಗೊಂಡೆ, ಕಂಪ್ರೆಸರ್‌ಗಾಗಿ ಇಟ್ಟುಕೊಂಡೆ

ಟ್ಯೂಬ್ ಪ್ರಿಆಂಪ್ (ಮೈಕ್‌ನ ಸಣ್ಣ ಸಿಗ್ನಲನ್ನು ವ್ಯಾಕ್ಯೂಮ್ ಟ್ಯೂಬ್ ಬಳಸಿ ದೊಡ್ಡದು ಮಾಡುವ ಯಂತ್ರ) ಅಂದ ಕೂಡಲೇ ಜನ ‘ವಾರ್ಮ್ ಸೌಂಡ್’ ಅಂತ ಶುರು ಮಾಡುತ್ತಾರೆ. ಯೂನಿವರ್ಸಲ್ ಆಡಿಯೋದ ಎಲ್‌ಎ-610 ಮಾರ್ಕ್ 2 ಬಗ್ಗೆ ಕೇಳಿದರೂ ಅದೇ ಉತ್ತರ. ಬಹಳ ದಿನದಿಂದ ಇದರಲ್ಲೇ ಹಾಡು, ಮಾತು, ಗಿಟಾರ್ ಎಲ್ಲ ರೆಕಾರ್ಡ್ ಮಾಡುತ್ತಿದ್ದೇನೆ. ನನ್ನ ಪ್ರಕಾರ ಟ್ಯೂಬ್ ಭಾಗ ಚೆನ್ನಾಗಿದೆ, ಅನುಮಾನ ಇಲ್ಲ. ಆದರೆ ಇದಕ್ಕೆ ಇಷ್ಟು ದುಡ್ಡು ಕೊಡಬಹುದು ಅನಿಸುವುದು ಅದರ ಹಿಂದೆ ಕೂತಿರುವ ಕಂಪ್ರೆಸರ್‌ನಿಂದ, ಅಂದರೆ ಜೋರು ದನಿಯನ್ನು ಒತ್ತಿ ಏರಿಳಿತ ಕಡಿಮೆ ಮಾಡುವ ಭಾಗದಿಂದ.

ಇದು ಸಿಂಗಲ್ ಚಾನೆಲ್, ರ‍್ಯಾಕ್‌ನಲ್ಲಿ ಎರಡು ಯೂನಿಟ್ ಜಾಗ ಬೇಕು. ಮುಂದಿನ ಅರ್ಧ 610 ಪ್ರಿಆಂಪ್. ಇದರ ಮೂಲ ಅಮೆರಿಕದ ಎಂಜಿನಿಯರ್ ಬಿಲ್ ಪಟ್ನಮ್ ತಮ್ಮ ಸ್ಟುಡಿಯೋಗೆ ಅಂತ ಮಾಡಿಕೊಂಡ ಹಳೆಯ ಕನ್ಸೋಲ್. ಹಿಂದಿನ ಅರ್ಧ ಟಿ4 ಆಪ್ಟಿಕಲ್ (ಬೆಳಕಿನಿಂದ ಕೆಲಸ ಮಾಡುವ) ಕಂಪ್ರೆಸರ್, ಅಂದರೆ 1960ರ ದಶಕದ ಟೆಲಿಟ್ರಾನಿಕ್ಸ್ ಎಲ್‌ಎ-2ಎ ದಾರಿಯದ್ದು. ಪಟ್ನಮ್ ಅವರ ಮಕ್ಕಳು 1999ರಲ್ಲಿ ಯೂನಿವರ್ಸಲ್ ಆಡಿಯೋ ಕಂಪನಿಯನ್ನು ಮತ್ತೆ ಶುರು ಮಾಡಿ ಹಳೆಯ ಈ ವಿನ್ಯಾಸಗಳನ್ನು ಹೊರತೆಗೆದರು. ಇತಿಹಾಸ ಸಾಕು.

ಪ್ರಿಆಂಪ್‌ನಲ್ಲಿ ಮುಖ್ಯವಾಗಿ ಗೊತ್ತಿರಬೇಕಾದ್ದು ಎರಡು ನಾಬ್: ಗೇನ್ ಮತ್ತು ಲೆವೆಲ್. ಗೇನ್ 5 ಡಿಬಿ (ಡೆಸಿಬೆಲ್) ಹೆಜ್ಜೆಗಳಲ್ಲಿ ತಿರುಗುವ ಸ್ವಿಚ್, ಮೈನಸ್ 10ರಿಂದ ಪ್ಲಸ್ 10ರವರೆಗೆ. ಲೆವೆಲ್ ಮಾತ್ರ ಮಧ್ಯದಲ್ಲಿರುವ ದೊಡ್ಡ ನಾಬ್, ನಯವಾಗಿ ತಿರುಗುತ್ತದೆ. ಗೇನ್ ಕಡಿಮೆ ಇಟ್ಟು ಲೆವೆಲ್ ಏರಿಸಿದರೆ ದನಿ ಶುದ್ಧವಾಗಿ ಬರುತ್ತದೆ. ಗೇನ್ ಪೂರ್ತಿ ಏರಿಸಿ ಲೆವೆಲ್ ಇಳಿಸಿದರೆ ಟ್ಯೂಬ್‌ಗೆ ಒತ್ತಡ ಬಿದ್ದು ಮೂಲ ಸ್ವರದ ಜೊತೆ ಹಾರ್ಮೋನಿಕ್‌ಗಳು, ಅಂದರೆ ಅದರ ಎರಡು, ಮೂರು ಪಟ್ಟು ಕಂಪನದ ಸ್ವರಗಳು, ಸೇರಿಕೊಳ್ಳುತ್ತವೆ. ಅದರಲ್ಲಿ ಎರಡನೆಯ ಹಾರ್ಮೋನಿಕ್ ಅಂದರೆ ಸರಿಯಾಗಿ ಒಂದು ಆಕ್ಟೇವ್ ಮೇಲಿನ ಸ್ವರ, ಹಾಗಾಗಿ ಕಿವಿಗೆ ಅದು ಒಡಕು ಅನಿಸದೆ ದನಿ ತುಂಬಿಕೊಂಡಂತೆ ಕೇಳಿಸುತ್ತದೆ. ವಾರ್ಮ್ ಅಂತ ಜನ ಹೇಳುವುದರಲ್ಲಿ ದೊಡ್ಡ ಪಾಲು ಇದೇ, ಉಳಿದದ್ದು ಒಳಗಿನ ಟ್ರಾನ್ಸ್‌ಫಾರ್ಮರ್‌ಗಳದ್ದು, ಅವು ಕೆಳಗಿನ ಸ್ವರಗಳನ್ನು ಸ್ವಲ್ಪ ದಪ್ಪ ಮಾಡುತ್ತವೆ.

ಇಲ್ಲೊಂದು ಮೋಸ ಇದೆ ನೋಡಿ. ಗೇನ್ ಏರಿಸಿದಾಗ ಸದ್ದೂ ಜೋರಾಗುತ್ತದೆ, ಜೋರಾದದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಎರಡು ಟೇಕ್‌ಗಳ ಮಟ್ಟ ಸಮ ಮಾಡಿ ಕೇಳಿ. ಶುದ್ಧ ಸೆಟ್ಟಿಂಗ್‌ನಲ್ಲಿ ಇದಕ್ಕೂ ಒಳ್ಳೆಯ ಇಂಟರ್‌ಫೇಸ್ (ದನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಡಬ್ಬಿ) ಒಳಗಿನ ಪ್ರಿಆಂಪ್‌ಗೂ ಇರುವ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಟ್ಯೂಬನ್ನು ದುಡಿಸಿದರೆ ಮಾತ್ರ ಬಣ್ಣ ಬರುತ್ತದೆ. ಸುಮ್ನೆ ಡಬ್ಬಿಯ ಮೂಲಕ ಹಾಯಿಸಿದರೆ ಮ್ಯಾಜಿಕ್ ಆಗುತ್ತದೆ ಅಂದುಕೊಂಡವರಿಗೆ ಬೇಸರವೇ ಗತಿ.

ಬಾಸ್ ಗಿಟಾರ್ ವಿಷಯ ಬೇರೆ. ಹೈ-ಝಡ್ ಇನ್‌ಪುಟ್‌ಗೆ (ಗಿಟಾರ್‌ಗೆ ಅಂತಲೇ ಇರುವುದು) ನೇರವಾಗಿ ಚುಚ್ಚಿ ಗೇನ್ ಪ್ಲಸ್ 5ಕ್ಕೆ ಇಟ್ಟರೆ ಆಂಪ್ಲಿಫೈಯರ್ ಬೇಡ ಅನ್ನುವಷ್ಟು ತುಂಬಿದ ಸದ್ದು. ನನಗೆ ಟ್ಯೂಬಿನ ನಿಜವಾದ ಬೆಲೆ ಗೊತ್ತಾದದ್ದು ಇಲ್ಲೇ.

ಮೈಕ್‌ಗೆ 500 ಓಮ್ ಮತ್ತು 2 ಕಿಲೋಓಮ್ ಅಂತ ಎರಡು ಇಂಪಿಡೆನ್ಸ್ (ಸಿಗ್ನಲ್‌ಗೆ ಇನ್‌ಪುಟ್ ಒಡ್ಡುವ ತಡೆ) ಕೊಟ್ಟಿದ್ದಾರೆ. ಡೈನಾಮಿಕ್ ಅಥವಾ ರಿಬ್ಬನ್ ಮೈಕ್ ಇದ್ದರೆ ತಿರುಗಿಸಿ ನೋಡಿ, ಸ್ವಭಾವವೇ ಬದಲಾಗುತ್ತದೆ. ರಿಬ್ಬನ್ ಹಾಕುವ ಮೊದಲು ಕೇಬಲ್ ಮೂಲಕ ಮೈಕ್‌ಗೆ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ಆಫ್ ಆಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಕೇಬಲ್‌ನಲ್ಲಿ ದೋಷ ಇದ್ದರೆ ಹಳೆಯ ರಿಬ್ಬನ್ ಮೈಕ್ ಹಾಳಾಗಬಹುದು. ಈಕ್ಯೂ (ಸ್ವರಗಳನ್ನು ಬೇಕಾದಂತೆ ಏರಿಸಿ ಇಳಿಸುವ ಭಾಗ) ಬಗ್ಗೆ ಹೇಳುವುದು ಕಡಿಮೆ: ಮೇಲಿನ ಸ್ವರಗಳಿಗೊಂದು, ಕೆಳಗಿನವಕ್ಕೊಂದು ಶೆಲ್ಫ್, ಅಷ್ಟೇ. 10 ಕಿಲೋಹರ್ಟ್ಸ್‌ನಲ್ಲಿ ಒಂದು ಹೆಜ್ಜೆ ಏರಿಸಿದರೆ ಮಂಕಾದ ಮೈಕ್ ಸ್ವಲ್ಪ ತೆರೆದುಕೊಳ್ಳುತ್ತದೆ. ಮಧ್ಯದ ಸ್ವರಗಳನ್ನು ಇದರಲ್ಲಿ ಮುಟ್ಟುವ ಹಾಗಿಲ್ಲ.

ಇನ್ನು ಕಂಪ್ರೆಸರ್‌ಗೆ ಬರೋಣ.

ಅಟ್ಯಾಕ್ (ಎಷ್ಟು ಬೇಗ ಒತ್ತಬೇಕು) ನಾಬ್ ಇಲ್ಲ, ರಿಲೀಸ್ (ಎಷ್ಟು ಬೇಗ ಬಿಡಬೇಕು) ನಾಬ್ ಇಲ್ಲ. ಎಷ್ಟು ಒತ್ತಬೇಕು ಅನ್ನುವುದಕ್ಕೆ ಪೀಕ್ ರಿಡಕ್ಷನ್, ಒತ್ತಿದ ಮೇಲೆ ಎತ್ತುವುದಕ್ಕೆ ಗೇನ್, ಪಕ್ಕದಲ್ಲಿ ಕಂಪ್ರೆಸ್, ಲಿಮಿಟ್ (ಇನ್ನೂ ಗಟ್ಟಿಯಾಗಿ ಒತ್ತುವುದು), ಬೈಪಾಸ್ (ಕಂಪ್ರೆಸರ್ ಹೊರಗಿಡುವುದು) ಅಂತ ಒಂದು ಸ್ವಿಚ್. ಸಿಗ್ನಲ್ ಜೋರಾದಾಗ ಒಳಗೊಂದು ಸಣ್ಣ ಪ್ಯಾನೆಲ್ ಬೆಳಗುತ್ತದೆ, ಆ ಬೆಳಕು ಎದುರಿಗಿರುವ ಫೋಟೋ ರೆಸಿಸ್ಟರ್ ಮೇಲೆ ಬಿದ್ದಾಗ ಅದರ ರೆಸಿಸ್ಟೆನ್ಸ್ ಇಳಿದು ಸಿಗ್ನಲ್ ತಗ್ಗುತ್ತದೆ. ಅಂದರೆ ಇಲ್ಲಿ ಒತ್ತುವುದು ಬೆಳಕು, ಟ್ಯೂಬ್ ಅಲ್ಲ. ‘ಟ್ಯೂಬ್ ಕಂಪ್ರೆಸರ್’ ಅಂತ ಮಾರುವ ಎಷ್ಟೋ ಡಬ್ಬಿಗಳ ಕಥೆ ಇದೇ, ಟ್ಯೂಬಿನ ಕೆಲಸ ತಗ್ಗಿದ್ದನ್ನು ಎತ್ತಿಕೊಡುವುದಷ್ಟೇ. ಟ್ಯೂಬೇ ಒತ್ತುವಂಥದ್ದು ಬೇಕು ಅಂದರೆ ಅದು ವೇರಿ-ಮ್ಯೂ ಜಾತಿ, ಫೇರ್‌ಚೈಲ್ಡ್ 670 ಥರದ್ದು. ಅದರಲ್ಲಿ 20 ಟ್ಯೂಬ್ ಇವೆ, ತೂಕ ಸುಮಾರು 30 ಕೆಜಿ. ಅದರ ಆಸೆ ಬಿಡಿ.

ಬೆಳಕಿನಿಂದ ಆಗುವ ಲಾಭ ಏನು? ಫೋಟೋ ರೆಸಿಸ್ಟರ್ ಬೆಳಕು ಹೋದ ತಕ್ಷಣ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಎಲ್‌ಎ-2ಎಯಲ್ಲಿ ಅಟ್ಯಾಕ್ ಸುಮಾರು 10 ಮಿಲಿಸೆಕೆಂಡ್, ಬಿಡುವಾಗ ಅರ್ಧ ದಾರಿ ಸುಮಾರು 60 ಮಿಲಿಸೆಕೆಂಡ್‌ನಲ್ಲಿ ಬಂದು ಉಳಿದರ್ಧ ನಿಧಾನವಾಗಿ, ಕೆಲವೊಮ್ಮೆ ಕೆಲವು ಸೆಕೆಂಡ್ ತಗೊಂಡು ಬರುತ್ತದೆ. ಇದರ ಗುಣವೂ ಅದೇ. ಎಷ್ಟು ಹೊತ್ತು ಜೋರಾಗಿ ಹಾಡಿದಿರಿ ಅನ್ನುವುದರ ಮೇಲೆ ಬಿಡುವ ವೇಗ ಬದಲಾಗುತ್ತದೆ. ಒಂದು ಪದ ಮಾತ್ರ ಚಿಮ್ಮಿದರೆ ಬೇಗ ಬಿಡುತ್ತದೆ, ಇಡೀ ಸಾಲು ಏರುದನಿಯಲ್ಲಿ ಹೋದರೆ ನಿಧಾನವಾಗಿ ಸಡಿಲ ಬಿಡುತ್ತದೆ. ಗಾಳಿಪಟದ ದಾರ ಹಿಡಿದ ಪಳಗಿದ ಕೈ ಇದ್ದಂತೆ, ಎಳೆತ ಗೊತ್ತಾಗುತ್ತದೆ, ಜಗ್ಗಿದ್ದು ಗೊತ್ತಾಗುವುದಿಲ್ಲ. ಹಾಡುವ ದನಿಗೆ ಇದಕ್ಕಿಂತ ಸುಲಭವಾದ ಕಂಪ್ರೆಸರ್ ನಾನು ಬಳಸಿಲ್ಲ. ಹಾಡುವವರ ಹೆಡ್‌ಫೋನ್‌ಗೂ ಇದೇ ದನಿ ಹೋಗುವುದರಿಂದ ಅವರು ಮೈಕ್‌ನಿಂದ ಹಿಂದೆ ಮುಂದೆ ಓಲಾಡುವುದು ಕಡಿಮೆಯಾಗುತ್ತದೆ, ಪಿಸುದನಿಯ ಸಾಲುಗಳನ್ನು ಧೈರ್ಯವಾಗಿ ಪಿಸುದನಿಯಲ್ಲೇ ಹಾಡುತ್ತಾರೆ. ಈ ಲಾಭ ಆಮೇಲೆ ಮಿಕ್ಸ್‌ನಲ್ಲಿ ಹಾಕುವ ಪ್ಲಗಿನ್ (ಸಾಫ್ಟ್‌ವೇರ್ ಕಂಪ್ರೆಸರ್) ನಿಂದ ಬರುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಹಾಡು ಮುಗಿದಿರುತ್ತದೆ, ಅಲ್ವಾ?

ಡ್ರಮ್‌ಗೆ ಮಾತ್ರ ಇದು ಬೇಡ. ಸ್ನೇರ್ ಏಟಿನ ತುದಿ ಹಿಡಿಯುವಷ್ಟು ಚುರುಕಿಲ್ಲ. ವೇಗವಾಗಿ ಓಡುವ ರ‍್ಯಾಪ್‌ಗೂ ಒಮ್ಮೊಮ್ಮೆ ಹಿಂದೆ ಬೀಳುತ್ತದೆ.

ಇನ್ನೊಂದು ಕಿರಿಕಿರಿ. ಪ್ರಿಆಂಪ್ ಮೊದಲು, ಕಂಪ್ರೆಸರ್ ಆಮೇಲೆ, ಹಾಗಾಗಿ ಮುಂದೆ ಏನು ತಿರುಗಿಸಿದರೂ ಹಿಂದೆ ಬದಲಾಗುತ್ತದೆ. ಟ್ಯೂಬಿನ ಬಣ್ಣ ಬೇಕು ಅಂತ ಗೇನ್ ಏರಿಸಿ ಲೆವೆಲ್ ಹಾಗೇ ಬಿಟ್ಟರೆ ಕಂಪ್ರೆಸರ್ ಜಾಸ್ತಿ ಒತ್ತಲು ಶುರು ಮಾಡುತ್ತದೆ. ಮೊದಲು ಬೈಪಾಸ್‌ನಲ್ಲಿ ಪ್ರಿಆಂಪ್ ಬಣ್ಣ ಸರಿ ಮಾಡಿಕೊಳ್ಳಿ, ಆಮೇಲೆ ಮೀಟರನ್ನು ಗೇನ್ ರಿಡಕ್ಷನ್‌ಗೆ (ಎಷ್ಟು ಒತ್ತುತ್ತಿದೆ ಅಂತ ತೋರಿಸುವುದು) ಹಾಕಿ ಹಾಡಿನ ಅತಿ ಜೋರಾದ ಸಾಲು ಹಾಡಿಸಿ, ಮುಳ್ಳು 3–4 ಡಿಬಿ ಇಳಿದರೆ ಅಲ್ಲಿಗೇ ನಿಲ್ಲಿಸಿ. ರೆಕಾರ್ಡ್ ಆಗುವಾಗಲೇ ಒತ್ತಿದ್ದನ್ನು ಆಮೇಲೆ ಬಿಡಿಸಲು ಆಗುವುದಿಲ್ಲ. ಇನ್ನೂ ಬೇಕಾದರೆ ಮಿಕ್ಸ್‌ನಲ್ಲಿ ಪ್ಲಗಿನ್ ಇದ್ದೇ ಇದೆ.

ಇಂಟರ್‌ಫೇಸ್‌ಗೆ ಜೋಡಿಸುವಾಗ ಲೈನ್ ಇನ್‌ಪುಟ್‌ಗೇ ಕೊಡಿ. ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನ ಮೂರು ಪಿನ್ ಪ್ಲಗ್) ಇದೆ ಅಂತ ಮೈಕ್ ಇನ್‌ಪುಟ್‌ಗೆ ಚುಚ್ಚಿದರೆ ಅದರ ಪ್ರಿಆಂಪ್ ಕೂಡ ನಡುವೆ ಬರುತ್ತದೆ, ಆಮೇಲೆ ಟ್ಯೂಬ್ ಸೌಂಡ್ ಯಾವುದು, ಇಂಟರ್‌ಫೇಸ್ ಸೌಂಡ್ ಯಾವುದು ದೇವರೇ ಬಲ್ಲ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಸರಾಸರಿ ಮಟ್ಟ ಮೈನಸ್ 18 ಡಿಬಿ ಆಸುಪಾಸು ಇದ್ದರೆ ಧಾರಾಳ ಸಾಕು, ಮೇಲಕ್ಕೆ ತುಂಬಿಸುವ ಹಟ ಬೇಡ.

ಬಿಸಿ ಆಗುತ್ತದೆ. ಮೇಲೆ ಇನ್ನೊಂದು ಯಂತ್ರ ಅಂಟಿಸಿ ಇಡಬೇಡಿ, ಆನ್ ಮಾಡಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕೆಲಸ ಶುರು ಮಾಡಿ. ಟ್ಯೂಬ್ ಬದಲಿಸಬೇಕಾದರೆ ತಿಳಿದವರ ಕೈಯಲ್ಲೇ ಮಾಡಿಸಿ, ಒಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಕಡಿಮೆ ಬೆಲೆಯ ಎಷ್ಟೋ ಟ್ಯೂಬ್ ಪ್ರಿಆಂಪ್‌ಗಳಲ್ಲಿ ಈ ವೋಲ್ಟೇಜೇ ಇರುವುದಿಲ್ಲ. ಒಂದು 12ಎಎಕ್ಸ್7 ಟ್ಯೂಬನ್ನು ಕಡಿಮೆ ವೋಲ್ಟ್‌ನಲ್ಲಿ ಓಡಿಸಿ ನಿಜವಾದ ಗೇನನ್ನು ಚಿಪ್‌ನಿಂದ ತೆಗೆಯುತ್ತಾರೆ. ಇದಕ್ಕೆ ಸ್ಟಾರ್ವ್ಡ್ ಪ್ಲೇಟ್ ಅನ್ನುತ್ತಾರೆ. ಅವು ಕೆಟ್ಟವು ಅಂತಲ್ಲ, ಒಡಕು ದನಿಯ ಎಫೆಕ್ಟ್ ಬೇಕಾದಾಗ ಮಜಾ ಕೊಡುತ್ತವೆ. ಆದರೆ ಅದನ್ನು ಕೇಳಿ ಟ್ಯೂಬ್ ಸೌಂಡ್ ಇಷ್ಟೇ ಅಂತ ತೀರ್ಮಾನ ಮಾಡಬೇಡಿ.

ತಗೊಳ್ಳಬೇಕಾ? ಒಂದು ಸಲಕ್ಕೆ ಒಂದೇ ಮೈಕ್ ಬಳಸುವವರು, ಅದರಲ್ಲೂ ದನಿ ರೆಕಾರ್ಡ್ ಮಾಡುವವರು ಧೈರ್ಯವಾಗಿ ತಗೊಳ್ಳಿ. ರೂಮು ಸರಿ ಇಲ್ಲದವರು ಸ್ವಲ್ಪ ತಡೆಯಿರಿ. ಜೋರು ತಗ್ಗಿಸಿ ಇಡೀ ಸಿಗ್ನಲ್ ಎತ್ತುವುದೇ ಕಂಪ್ರೆಸರ್ ಕೆಲಸ ಆದ್ದರಿಂದ ಫ್ಯಾನ್ ಸದ್ದು, ಗೋಡೆಯಿಂದ ಬರುವ ಪ್ರತಿಧ್ವನಿ ಎಲ್ಲ ಅದರ ಜೊತೆಗೇ ಮೇಲೆ ಬರುತ್ತದೆ. ಮೊದಲ ದುಡ್ಡು ರೂಮಿಗೆ ಹಾಕಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಬರೀ ಆನ್ ಆಗುತ್ತದಾ ಅಂತ ನೋಡಿ ಬರಬೇಡಿ. ಗೇನ್ ರಿಡಕ್ಷನ್ ಮೀಟರ್ ಹಾಕಿ ಜೋರಾಗಿ ಒಂದು ಸ್ವರ ಹಿಡಿದು ನಿಲ್ಲಿಸಿ. ಮುಳ್ಳು ಇಳಿಯಬೇಕು, ನಿಲ್ಲಿಸಿದ ಮೇಲೆ ಮೊದಲು ಚುರುಕಾಗಿ, ಆಮೇಲೆ ನಿಧಾನವಾಗಿ ಸೊನ್ನೆಗೆ ಬರಬೇಕು. ಪೀಕ್ ರಿಡಕ್ಷನ್ ಪೂರ್ತಿ ತಿರುಗಿಸಿದರೂ ಮುಳ್ಳು ಅಲ್ಲಾಡದಿದ್ದರೆ ಆ ಬೆಳಕಿನ ಪ್ಯಾನೆಲ್, ಫೋಟೋ ರೆಸಿಸ್ಟರ್ ಇರುವ ಟಿ4 ಸೆಲ್ ಸೋತಿರಬಹುದು. ನಾಬ್‌ಗಳನ್ನು ತಿರುಗಿಸುವಾಗ ಚರಚರ ಅನ್ನುತ್ತದಾ ಕೇಳಿ, ಮೈಕ್ ಇಲ್ಲದೆ ಗೇನ್ ಏರಿಸಿ ಹಿಸ್ ಜೊತೆ ಚಟಪಟ ಸದ್ದು ಬರುತ್ತದಾ ನೋಡಿ. ಚಟಪಟ ಬಂದರೆ ಟ್ಯೂಬ್ ಬದಲಿಸುವ ಖರ್ಚನ್ನು ಹೇಳಿದ ಬೆಲೆಯಲ್ಲಿ ಕಳೆಯಿರಿ.