ಹಳೆಯ 407ರ ಸ್ಟೀರಿಂಗ್ ಪ್ಲೇ: ಬಿಗಿ ಮಾಡುವುದೋ, ಬಿಚ್ಚಿಸುವುದೋ, ಬಾಕ್ಸನ್ನೇ ಬದಲಿಸುವುದೋ?

ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಟಾಟಾ 407 ಸಣ್ಣ ಲಾರಿಯಲ್ಲಿ ಪ್ಲೇ (ಸ್ಟೀರಿಂಗ್ ತುಸು ತಿರುಗಿದರೂ ಚಕ್ರ ತಿರುಗದ ಸಡಿಲ) ಹೆಚ್ಚಾದರೆ ಮೂರು ದಾರಿಗಳಿವೆ. ಸ್ಟೀರಿಂಗ್ ಬಾಕ್ಸಿನ, ಅಂದರೆ ಸ್ಟೀರಿಂಗ್ ತಿರುಗಿದ್ದನ್ನು ಚಕ್ರದ ಕಡೆಗೆ ದಾಟಿಸುವ ಹಲ್ಲುಗಳ ಪೆಟ್ಟಿಗೆಯ, ಸ್ಕ್ರೂವನ್ನು ಗಾಡಿಯಲ್ಲೇ ಬಿಗಿ ಮಾಡಬಹುದು. ಬಾಕ್ಸ್ ಇಳಿಸಿ, ಬಿಚ್ಚಿ, ಬೇರಿಂಗ್ ಬದಲಿಸಬಹುದು. ಅಥವಾ ಹಳೆಯದನ್ನು ಕೊಟ್ಟು ರಿಪೇರಿಯಾದ ಬೇರೊಂದನ್ನು ತರಬಹುದು. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ತರಕಾರಿ ಸಾಗಿಸುವ ನನ್ನ ಗಾಡಿಯಲ್ಲಿ ಈ ಮೂರೂ ಆಗಿವೆ. ನನ್ನ ಒಲವು ಮೊದಲನೆಯದಕ್ಕೆ, ಅದೂ ಬಾಕ್ಸಿನಿಂದ ಚಕ್ರದತ್ತ ಹೋಗುವ ಸರಳನ್ನು (ಡ್ರ್ಯಾಗ್ ಲಿಂಕ್) ಕಳಚಿಟ್ಟು ಮಾಡಿದರೆ ಮಾತ್ರ.

ಯಾವುದಕ್ಕೆ ಕೈಹಾಕುವ ಮುನ್ನವೂ ಪ್ಲೇ ಬಾಕ್ಸಿನಲ್ಲೇ ಇದೆಯೇ ಎಂದು ತಿಳಿಯಬೇಕು. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲುಗಿಸುತ್ತಿರುವಾಗ ಇನ್ನೊಬ್ಬರು ಡ್ರಾಪ್ ಆರ್ಮ್ (ಬಾಕ್ಸಿನಿಂದ ಹೊರಬಂದು ಡ್ರ್ಯಾಗ್ ಲಿಂಕನ್ನು ಎಳೆಯುವ ತೋಳು) ಮೇಲೆ ಕೈಯಿಟ್ಟು ನೋಡಲಿ. ಸ್ಟೀರಿಂಗ್ ತಿರುಗಿಯೂ ಡ್ರಾಪ್ ಆರ್ಮ್ ಅಲುಗದಿದ್ದರೆ ಸವೆತ ಬಾಕ್ಸಿನದ್ದು. ಅದು ಅಲುಗಿಯೂ ಚಕ್ರ ಅಲುಗದಿದ್ದರೆ ಸರಳುಗಳ ತುದಿಯ ಗುಂಡು ಕೀಲುಗಳದ್ದು (ಬಾಲ್ ಜಾಯಿಂಟ್). ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು ಸಡಿಲವಾಗಿದ್ದರೂ ಪ್ಲೇ ಇರುವಂತೆಯೇ ಕಾಣುತ್ತದೆ.

ಬದಲಿ ತಂದ ಬಾಕ್ಸ್ ನನ್ನನ್ನು ಬಹಳ ಕಾಡಿತು. ನಿಂತ ಗಾಡಿಯಲ್ಲಿ ಪ್ಲೇ ಸ್ವಲ್ಪವೂ ಇರಲಿಲ್ಲ. ಘಾಟಿಯಲ್ಲಿ ಮಾತ್ರ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಪ್ರತಿ ತಿರುವಿನಲ್ಲೂ ಕೈಯಿಂದ ಎಳೆದು ತರಬೇಕಿತ್ತು. ಲೋಡ್ ಗಾಡಿ ಇಳಿಯುವಾಗ ಇದು ಭಯ ಹುಟ್ಟಿಸುವ ಸಂಗತಿ. ಡ್ರ್ಯಾಗ್ ಲಿಂಕ್ ಕಳಚಿ ತಿರುಗಿಸಿದಾಗ ಎರಡೂ ತುದಿಗಳಲ್ಲಿ ಹಗುರವಾಗಿದ್ದ ಸ್ಟೀರಿಂಗ್ ನಡುವಿಗೆ ಬಂದೊಡನೆ ಹಿಡಿದುಕೊಳ್ಳುತ್ತಿತ್ತು.

ಇದಕ್ಕೆ ಕಾರಣವಿದೆ. ಒಳಗಿನ ಹಲ್ಲುಗಳು ನೇರ ಓಟದ ಜಾಗದಲ್ಲಿ ಅತಿ ಒತ್ತಾಗಿಯೂ, ಎರಡೂ ಪಕ್ಕಗಳಲ್ಲಿ ತುಸು ಸಡಿಲವಾಗಿಯೂ ಕೂರುವಂತೆ ರಚಿತವಾಗಿರುತ್ತವೆ. ಚಕ್ರ ಒಂದು ಕಡೆಗೆ ತಿರುಗಿರುವಾಗ ಅಲ್ಲಿನ ಸಹಜ ಸಡಿಲವನ್ನು ತೆಗೆಯಲು ಹೋಗಿ ಸ್ಕ್ರೂ ಬಿಗಿದರೆ ನಡುವಿನಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ. ಸ್ಕ್ರೂ ಸಡಿಲಿಸಿದರೂ ಆ ಬಾಕ್ಸಿನ ತೊಡಕು ಪೂರ್ತಿ ಹೋಗದ ಕಾರಣ ಅದನ್ನು ಅಂಗಡಿಗೆ ಹಿಂತಿರುಗಿಸಿ, ನನ್ನದನ್ನೇ ಮರಳಿ ತಂದೆ.

ಅದನ್ನು ಬಿಚ್ಚಿಸಿ ವರ್ಮ್ (ಸ್ಟೀರಿಂಗ್ ಶಾಫ್ಟಿನ ತುದಿಯ ತಿರುಪು) ಬೇರಿಂಗ್ ಮತ್ತು ಆಯಿಲ್ ಸೀಲ್ ಹಾಕಿಸಿದೆ. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಗಾಡಿ ನಿಂತರೆ ಬಾಡಿಗೆಯೂ ನಿಲ್ಲುತ್ತದೆ.

ಆಮೇಲಿನಿಂದ ಪ್ಲೇ ಕಂಡಾಗಲೆಲ್ಲ ಗಾಡಿಯಲ್ಲೇ ಬಿಗಿ ಮಾಡುತ್ತಿದ್ದೇನೆ. ಡ್ರ್ಯಾಗ್ ಲಿಂಕ್ ಕಳಚಲು, ಅದರ ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ನಟ್ ಸಡಿಲಿಸಿ, ಡ್ರಾಪ್ ಆರ್ಮ್ ತುದಿಯ ಕಣ್ಣಿನ (ಜಾಯಿಂಟ್ ಕೂರುವ ರಂಧ್ರದ) ಎರಡೂ ಪಕ್ಕಕ್ಕೆ ಒಮ್ಮೆಲೇ ಸುತ್ತಿಗೆಯಿಂದ ಹೊಡೆದರೆ ಬಾಲ್ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸುತ್ತು ಎಣಿಸುತ್ತಾ ತಿರುಗಿಸಿ, ಅರ್ಧದಷ್ಟು ಹಿಂದಕ್ಕೆ ತಂದರೆ ಅದೇ ನಡು. ಸ್ಟೀರಿಂಗ್ ಅಲ್ಲಿರುವಾಗ ಬಾಕ್ಸಿನ ಸ್ಕ್ರೂವನ್ನು ಹಿಡಿದಿಡುವ ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಸುತ್ತಿನ ಎಂಟನೆಯ ಒಂದು ಭಾಗದಷ್ಟೇ ತಿರುಗಿಸಿ, ಪ್ರತಿ ಬಾರಿಯೂ ನಡುವನ್ನು ದಾಟಿಸಿ ನೋಡಬೇಕು; ಅಲ್ಲಿ ಸಣ್ಣ ತಡೆಯಷ್ಟೇ ಕೈಗೆ ತಾಗಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಕೂಡ ಜೊತೆಗೆ ತಿರುಗಿಬಿಡುತ್ತದೆ. ಸ್ಕ್ರೂಡ್ರೈವರಿನಿಂದ ಅದನ್ನು ಒತ್ತಿ ಹಿಡಿದೇ ಸ್ಪ್ಯಾನರ್ ಹಾಕಬೇಕು, ಬಿಗಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಲೇಬೇಕು.

ಸ್ವಂತ ಗಾಡಿ, ಬಿಡುವಿನ ಅರ್ಧ ದಿನ, ಜೊತೆಗೊಬ್ಬ ಆಳು ಇರುವವರಿಗೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ. ಆದರೆ ಸ್ಟೀರಿಂಗ್ ಶಾಫ್ಟ್ ಮೇಲಕ್ಕೂ ಕೆಳಕ್ಕೂ ಜಗ್ಗುತ್ತಿದ್ದರೆ ಅದು ಬೇರಿಂಗಿನ ಸವೆತ, ಈ ಸ್ಕ್ರೂವಿನಿಂದ ಸರಿಹೋಗುವುದಿಲ್ಲ, ಆಗ ಬಿಚ್ಚಿಸಲೇಬೇಕು. ಡ್ರ್ಯಾಗ್ ಲಿಂಕ್ ಮತ್ತೆ ಕೂರಿಸುವಾಗ ಹಳೆಯ ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಹಾಕಬೇಡಿ, ಹೊಸದನ್ನೇ ಹಾಕಿ.