ನಾಲ್ಕು ವರ್ಷದಿಂದ ನೈಟ್ರೇಟ್ ಮಾತ್ರೆ: ನನ್ನ ಅನುಭವ

ಏರು ಹತ್ತಿದರೆ ಎದೆ ಹಿಂಡಿದ ಹಾಗಾಗುತ್ತಿತ್ತು, ನಿಂತರೆ ಹೋಗುತ್ತಿತ್ತು. ಶ್ರಮ ಬಿದ್ದಾಗ ಬರುವ ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು ಅಂದರು ಡಾಕ್ಟರ್. ಅಂದಿನಿಂದ ದಿನಕ್ಕೆ ಎರಡು ಐಸೋಸಾರ್ಬೈಡ್ ಮಾನೋನೈಟ್ರೇಟ್, ಜೊತೆಗೆ ಜೇಬಿನಲ್ಲಿ ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್. ಎರಡೂ ನೈಟ್ರೇಟ್ ಜಾತಿಯವೇ.

ಇದು ಹೃದಯದ ರಕ್ತನಾಳದ ಬ್ಲಾಕ್ ಬಿಡಿಸುತ್ತದೆ ಅಂತ ನಂಬಿದ್ದೆ. ಇಲ್ಲ, ಬ್ಲಾಕ್ ಇದ್ದಲ್ಲೇ ಇರುತ್ತದೆ. ಮಾತ್ರೆಯಿಂದ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟಿ ರಕ್ತನಾಳಗಳು ಸಡಿಲವಾಗುತ್ತವೆ, ಅದರಲ್ಲೂ ಸಿರೆಗಳು. ರಕ್ತ ಅಲ್ಲೇ ಸ್ವಲ್ಪ ತಂಗುತ್ತದೆ, ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗುತ್ತದೆ. ಹೃದಯ ಜಾಸ್ತಿ ಹಿಗ್ಗಬೇಕಿಲ್ಲ, ಗೋಡೆಯ ಬಿಗಿತ ಇಳಿಯುತ್ತದೆ, ಆಮ್ಲಜನಕ ಕಡಿಮೆ ಸಾಕಾಗುತ್ತದೆ. ಹೃದಯದ ಸ್ವಂತ ರಕ್ತನಾಳಗಳೂ ಅಗಲವಾಗುತ್ತವೆ. ಆದರೆ ದೊಡ್ಡ ಉಪಕಾರ ಹೊರೆ ಇಳಿಸುವುದೇ. ಏರು ಅದೇ, ನೋವು ಮಾತ್ರ ತಡವಾಗಿ ಬರುತ್ತದೆ. ಕೆಲವು ದಿನ ಬರುವುದೇ ಇಲ್ಲ.

ಮೊದಲ ಎರಡು ವಾರ ತಲೆನೋವು ವಿಪರೀತ. ಒಮ್ಮೆ ನಿಂತುಕೊಂಡೇ ಮಾತ್ರೆ ಇಟ್ಟುಕೊಂಡು ಕಣ್ಣು ಕತ್ತಲೆ ಬಂತು. ಬಿಪಿ ಇಳಿಯುತ್ತದಲ್ವಾ! ಈಗ ಕೂತೇ ತೆಗೆದುಕೊಳ್ಳುತ್ತೇನೆ.

ದೊಡ್ಡ ತಪ್ಪು ನನ್ನದೇ. ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು ಅಂತ ಬರೆದುಕೊಟ್ಟಿದ್ದರು. ಇದೇನು ಲೆಕ್ಕ ಅಂತ ನಾನೇ ಜಾಣನಾಗಿ ಎರಡನೆಯದನ್ನು ರಾತ್ರಿ ಎಂಟಕ್ಕೆ ದೂಡಿದೆ. ಸ್ವಲ್ಪ ದಿನದಲ್ಲೇ ಹಳೆ ಏರಿನಲ್ಲಿ ಹಳೆ ನೋವು. ಔಷಧ ಬಿಡುವಿಲ್ಲದೆ ಮೈಯಲ್ಲಿದ್ದರೆ ರಕ್ತನಾಳ ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಕೆಲಸ ಮಾಡುವುದಿಲ್ಲ. ಹಿಂದೆ ಡೈನಮೈಟ್ ಕಾರ್ಖಾನೆಗಳಲ್ಲಿ ನೈಟ್ರೋಗ್ಲಿಸರಿನ್ ಮುಟ್ಟುತ್ತಿದ್ದ ಕೆಲಸಗಾರರಿಗೆ ಸೋಮವಾರ ತಲೆ ಸಿಡಿಯುತ್ತಿತ್ತಂತೆ, ವಾರ ಕಳೆದ ಹಾಗೆ ಮಾಯ. ರಜೆ ಮುಗಿಸಿ ಬಂದರೆ ಮತ್ತೆ ಶುರು. ಅದೂ ಇದೇ ಒಗ್ಗುವಿಕೆ! ಅದಕ್ಕೇ ರಾತ್ರಿ ಹತ್ತು-ಹನ್ನೆರಡು ತಾಸು ಖಾಲಿ ಬಿಡುವುದು. ನನ್ನ ಹಾಗೆ ಸುಮ್ನೆ ಸಮಯ ಬದಲಿಸಬೇಡಿ.

ನಾಲಿಗೆ ಕೆಳಗಿನ ಮಾತ್ರೆಗೆ ನನ್ನಿಂದ ಪೂರ್ತಿ ಅಂಕ. ಒಂದೆರಡು ನಿಮಿಷಕ್ಕೇ ಹಿಡಿತ ಸಡಿಲವಾಗುತ್ತದೆ. ಡಾಕ್ಟರ್ ಹೇಳಿಕೊಟ್ಟ ಹಾಗೆ, ಏರು ಹತ್ತುವ ಐದು ನಿಮಿಷ ಮೊದಲೇ ಇಟ್ಟುಕೊಂಡರೆ ನೋವೇ ತಪ್ಪುತ್ತದೆ. ಗಾಜಿನ ಬಾಟಲಿಯಿಂದ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ, ಸತ್ವ ಹೋಗುತ್ತದೆ. ಸಿಲ್ಡೆನಾಫಿಲ್ (ವಯಾಗ್ರ) ಜಾತಿಯ ಮಾತ್ರೆ ಜೊತೆ ಬೇಡವೇ ಬೇಡ, ಬಿಪಿ ಪಾತಾಳಕ್ಕಿಳಿಯುತ್ತದೆ. ಮಾತ್ರೆ ಇಟ್ಟು ಐದು ನಿಮಿಷವಾದರೂ ನೋವು ಹೋಗದಿದ್ದರೆ ಕಾಯುತ್ತಾ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.