ಗುಡ್ಡ ಕಡಿಯುವ ಲೆಕ್ಕಕ್ಕೆ ಆನ್ಸಿಸ್‌ನ ಇಕಿಲ್ ಎಷ್ಟು ನಂಬಿಕಸ್ಥ?

ತಲಪಾಡಿಯಿಂದ ತೆಂಕಕ್ಕೆ ಹೆದ್ದಾರಿ 66ಕ್ಕಾಗಿ ಕಡಿದ ಗುಡ್ಡಗಳ ಮೈ ನೋಡಿದವರಿಗೆ ಗೊತ್ತು: ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ನೀರು ಕುಡಿದರೆ ಸಡಿಲಾಗುವ ಶೇಡಿಮಣ್ಣು. ಇಂಥಲ್ಲಿ ಪ್ರತಿ ಹಂತದ ಕಡಿತಕ್ಕೆ ಉಳಿದ ಮಣ್ಣು ಎಷ್ಟು ಸರಿಯುತ್ತದೆಂದು ತಿಳಿಯಲು, ಗುಡ್ಡವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಬಲೆಯಾಗಿ (ಮೆಶ್) ಮಾಡಿ, ಕಡಿದ ಭಾಗದ ಎಲಿಮೆಂಟ್‌ಗಳನ್ನು ಆ ಮೆಶ್‌ನಲ್ಲೇ ಇಟ್ಟು ಲೆಕ್ಕದಿಂದ ಮಾತ್ರ ಹೊರಗಿಡಬೇಕು. ಇಂಥ ಲೆಕ್ಕದ ತಂತ್ರಾಂಶವಾದ ಆನ್ಸಿಸ್‌ನಲ್ಲಿ ಅದಕ್ಕಿರುವ ಆಜ್ಞೆ ಇಕಿಲ್ (EKILL). ಮರಳಿ ತರಲು ಇಅಲೈವ್ (EALIVE).

ಇಕಿಲ್ ಎಲಿಮೆಂಟಿನ ಸ್ಟಿಫ್‌ನೆಸ್ಸನ್ನು (ಬಲಕ್ಕೆ ಮಣಿಯದ ಬಿಗಿತ) ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಿ, ಅದರ ತೂಕವನ್ನೂ ಲೋಡನ್ನೂ ಸೊನ್ನೆ ಮಾಡುತ್ತದೆ. ಈ ಪಾಲನ್ನು ಬದಲಿಸುವ ಎಸ್ಟಿಫ್ (ESTIF) ಆಜ್ಞೆ ಕೊಟ್ಟು ಇನ್ನೂ ಇಳಿಸಹೋದರೆ ಸಮೀಕರಣಗಳ ಮ್ಯಾಟ್ರಿಕ್ಸ್ ಹದಗೆಡುತ್ತದೆ, ಪಿವಟ್ (ಭಾಜಕ ತೀರಾ ಚಿಕ್ಕದೆಂಬ) ಎಚ್ಚರಿಕೆಗಳು ಶುರುವಾಗುತ್ತವೆ. ಡಿಫಾಲ್ಟ್ ಸಾಕು.

ಪ್ರತಿ ಪದರಕ್ಕೂ ಒಂದು ಕಾಂಪೊನೆಂಟ್ (ಹೆಸರಿಟ್ಟ ಎಲಿಮೆಂಟ್ ಗುಂಪು) ಮಾಡಿ. ಆಮೇಲೆ ಮಣ್ಣು ಹಿಡಿದಿಡಲು ಹೊಡೆಯುವ ಸರಳುಗಳಾದ ಸಾಯಿಲ್ ನೈಲ್‌ಗಳೂ ಮೊದಲೇ ಮೆಶ್ ಆಗಿರಬೇಕು, ಮೊದಲ ಲೋಡ್ ಸ್ಟೆಪ್‌ನಲ್ಲೇ (ಲೆಕ್ಕದ ಹಂತ) ಅವಕ್ಕೆ ಇಕಿಲ್ ಹಾಕಬೇಕು. ಆ ಸ್ಟೆಪ್‌ನಲ್ಲಿ ಗುರುತ್ವ ಮಾತ್ರ: ವೈ ಅಕ್ಷ ಮೇಲ್ಮುಖವಾಗಿದ್ದರೆ ಗುರುತ್ವ ಕೊಡುವ ಎಸೆಲ್ (ACEL) ಆಜ್ಞೆಗೆ ಧನ 9.81, ಋಣ ಕೊಟ್ಟರೆ ಗುಡ್ಡ ಮೇಲಕ್ಕೇಳುತ್ತದೆ. ಈ ಸ್ಟೆಪ್‌ನ ಸರಿತ ಗುಡ್ಡದ ಸ್ವಂತ ತೂಕದ್ದು. ಮುಂದಿನ ಫಲಿತಾಂಶಗಳಿಂದ ಅದನ್ನು ಕಳೆಯಲೇಬೇಕು. ದೊಡ್ಡ ಸರಿತಗಳನ್ನು ಲೆಕ್ಕಕ್ಕೆ ತರುವ ಎನ್‌ಎಲ್‌ಜಿಯಮ್ (NLGEOM) ಆನ್ ಇರಲಿ. ಇಲ್ಲವಾದರೆ ನೈಲ್ ಇಅಲೈವ್‌ನಿಂದ ಹುಟ್ಟುವಾಗ ಹಿಂದಿನ ಸರಿತವನ್ನೆಲ್ಲ ತನ್ನದೇ ಸ್ಟ್ರೇನ್ (ಹಿಗ್ಗು) ಎಂದು ಹೊತ್ತು ಸುಳ್ಳು ಎಳೆತ ತೋರಿಸುತ್ತದೆ. ವಿನ್ಯಾಸವನ್ನೇ ದಾರಿ ತಪ್ಪಿಸುವ ತಪ್ಪು ಇದು.

ಎಲಿಮೆಂಟ್‌ಗಳು ಕೂಡುವ ಬಿಂದುವಾದ ನೋಡ್ ಮೇಲೆ ನೇರವಾಗಿ ಕೊಟ್ಟ ಬಲ ತಾನಾಗಿ ಹೋಗುವುದಿಲ್ಲ, ಕೈಯಾರೆ ಅಳಿಸಬೇಕು. ಸುತ್ತಲೂ ಸತ್ತ ಎಲಿಮೆಂಟ್‌ಗಳೇ ಇರುವ ನೋಡ್‌ಗಳು ಗಾಳಿಪಟದಂತೆ ಹಾರದಿರಲು ಅವನ್ನು ಕಟ್ಟಿಹಾಕಿ. ಇಅಲೈವ್‌ಗೆ ಮುನ್ನ ಬಿಚ್ಚುವುದನ್ನು ಮರೆಯಬೇಡಿ.

ನಮ್ಮ ದೊಡ್ಡ ತಕರಾರು ಬೇರೆ. ಲೋಡ್ ಮೆಲ್ಲನೆಯೋ ಒಮ್ಮೆಲೇಯೋ ಎಂದು ಹೇಳುವ ಕೆಬಿಸಿ (KBC) ಆಜ್ಞೆಯಲ್ಲಿ ಮೆಲ್ಲನೆಯ ರ‍್ಯಾಂಪ್ ಕೇಳಿದರೂ ಎಲಿಮೆಂಟ್ ಸ್ಟೆಪ್‌ನ ಆರಂಭದಲ್ಲೇ ಒಮ್ಮೆಲೇ ಸಾಯುತ್ತದೆ. ನಾಲ್ಕು ಮೀಟರ್ ಪದರವನ್ನು ಒಟ್ಟಿಗೆ ತೆಗೆದರೆ ಶೇಡಿಮಣ್ಣಿನ ಹಂತದಲ್ಲಿ ಲೆಕ್ಕ ಕನ್ವರ್ಜ್ ಆಗದೆ (ಉತ್ತರಕ್ಕೆ ತಲುಪದೆ) ನಿಲ್ಲಬಹುದು. ಆಗ ಗುಡ್ಡ ಜರಿಯಿತೇ, ಪದರ ದಪ್ಪವಾಯಿತೇ ಎಂದು ಬಿಡಿಸಿ ಹೇಳುವುದು ಕಷ್ಟ. ಪದರವನ್ನು ಒಂದು ಮೀಟರಿಗೆ ಇಳಿಸಿ, ಪ್ರತಿ ಸುತ್ತಿಗೂ ಸ್ಟಿಫ್‌ನೆಸ್ ಹೊಸದಾಗಿ ಕಟ್ಟುವ ಫುಲ್ ನ್ಯೂಟನ್-ರಾಫ್ಸನ್ ವಿಧಾನ ಇಟ್ಟು ಮತ್ತೆ ಓಡಿಸಿ. ಅದೇ ಎತ್ತರದಲ್ಲಿ ಮತ್ತೆ ನಿಂತರೆ ಗುಡ್ಡದ ಮೇಲೆಯೇ ಅನುಮಾನ ಪಡಿ. ಇನ್ನೊಂದು ತಂತ್ರಾಂಶವಾದ ಅಬಾಕಸ್‌ನ ಮಾಡೆಲ್ ಚೇಂಜ್ ಆಜ್ಞೆ ತೆಗೆದ ಭಾಗದ ಬಲವನ್ನು ಸ್ಟೆಪ್ ಉದ್ದಕ್ಕೂ ಮೆಲ್ಲನೆ ಇಳಿಸುತ್ತದೆ. ಅಗೆತದ ಕೆಲಸಕ್ಕೆ ಅದೇ ಮೇಲು.

ಚಿತ್ರ ತೆಗೆಯುವ ಮೊದಲು ಜೀವಂತ ಎಲಿಮೆಂಟ್‌ಗಳನ್ನಷ್ಟೇ ಆರಿಸಿ. ಸತ್ತವುಗಳ ಸೊನ್ನೆ ಸರಾಸರಿಗೆ ಸೇರಿದರೆ, ಕಡಿದ ಮುಖದ ಸ್ಟ್ರೆಸ್ ಇರುವುದಕ್ಕಿಂತ ಕಮ್ಮಿ ಕಾಣುತ್ತದೆ.